ಬಕೆಟ್ಟಿಗೆ ಬಿದ್ದ ಹಲ್ಲುಗಳು

ಜನವರಿ 11

ಮಾನ್ಯ ಕೋಚ್ ಅವರಿಗೆ,

ಮಾಲೀಕರ ಅಪ್ಪಣೆ ಆಗಿದೆ, ಅದಕ್ಕೆ ಈ ಕಾಗದ. ನಾನೇ ಇಷ್ಟಪಟ್ಟು ಬರೆಯುತ್ತಿದ್ದೇನೆ ಎಂದು ಯಾರಾದರೂ ನಿಮ್ಮ ಕಿವಿಗೆ ಹೂ ಇಟ್ಟಿದ್ದರೆ ತೆಗೆದು ಎಸೆಯಿರಿ.

ಕಂಪ್ಯೂಟರಿನ ಪರದೆಯಲ್ಲಿ ಮುಖ ನೋಡಿಕೊಂಡು ಮಾತಾಡೋಣ ಅಂದಿರಿ. ಎರಡು ಸಲವೂ ನಾನು ಮಧ್ಯದಲ್ಲೇ ಎದ್ದು ಹೋದೆ. ಎದುರಿಗೆ ಯಾರು ಬಾಯಿ ತೆರೆದರೂ ನನಗೆ ಮಾತು ಕೇಳಿಸುವುದಿಲ್ಲ, ಹಲ್ಲು ಕಾಣಿಸುತ್ತದೆ. ಹಲ್ಲಿನ ಲ್ಯಾಬಿನಲ್ಲೇ ಕೂದಲು ಬೆಳ್ಳಗಾದವಳು ನಾನು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಅದಕ್ಕೆ ಹೊಂದುವ ಪಿಂಗಾಣಿಯ ಕ್ಯಾಪು ಮಾಡಿ ಕಳಿಸುತ್ತೇವೆ. ನಿಮ್ಮ ಮೇಲುಸಾಲಿನ ಎಡಗಡೆಯ ಹಲ್ಲು ಕಟ್ಟಿಸಿದ್ದು, ಕಟ್ಟಿದವನು ಅರೆನಿದ್ದೆಯಲ್ಲಿ ಕಟ್ಟಿದ್ದಾನೆ. ಅದನ್ನು ನೋಡುತ್ತಾ ನಿಮ್ಮ ಆತ್ಮವಿಶ್ವಾಸದ ಪಾಠ ಕೇಳುವುದು ನನ್ನಿಂದಾಗದು. ಹಾಗಾಗಿ ಕಾಗದವೇ ಆಗಲಿ ಎಂದು ಮಾಲೀಕರು ಒಪ್ಪಿದರು.

ಕಳೆದ ವಾರ ನೀವು ನಮ್ಮ ಲ್ಯಾಬಿಗೆ ಬಂದಿರಿ. ಮಾಸಲು ಹಳದಿ ಅಂಗಿ ತೊಟ್ಟು, ಕೆಲಸ ನಿಲ್ಲಿಸಿ, ಎಲ್ಲರನ್ನೂ ದುಂಡಗೆ ಕೂರಿಸಿ, "ನೀವೊಂದು ಪ್ರಾಣಿಯಾಗಿದ್ರೆ ಯಾವ ಪ್ರಾಣಿ?" ಎಂದು ಕೇಳಿದಿರಿ. ಒಳಗೆ ಕುಲುಮೆಯಲ್ಲಿ ಕ್ಯಾಪುಗಳು ಬೇಯುತ್ತಿದ್ದವು. ನಮ್ಮ ಪ್ಲಾಸ್ಟರ್ ಕಲಸುವಾತ, ನಾಲ್ಕು ಮಕ್ಕಳ ತಂದೆ, "ಜಿಂಕೆ" ಅಂದ. ಅವನ ಮುಖ ನೋಡಲು ನನಗೇ ನಾಚಿಕೆಯಾಯಿತು.

ನನ್ನ ಅಪರಾಧ ಏನೆಂದು ನಿಮಗೆ ಹೇಳಿರುತ್ತಾರೆ. ಆದರೂ ನನ್ನ ಬಾಯಲ್ಲೇ ಕೇಳಿ. ನನ್ನ ಮೇಜಿನ ಪಕ್ಕ ಒಂದು ಬಕೆಟ್ ಇದೆ. ಕೆಲಸ ಕೆಟ್ಟಿದ್ದರೆ ಅದನ್ನು ಬಕೆಟ್ಟಿಗೆ ಹಾಕುತ್ತೇನೆ. ಬೈಯುವುದಿಲ್ಲ, ಕೂಗುವುದಿಲ್ಲ, ತುಟಿ ಪಿಟಕ್ಕೆನ್ನುವುದಿಲ್ಲ. ನನ್ನ ಗುರುಗಳು ನನಗೆ ಕಲಿಸಿದ್ದೂ ಹೀಗೆಯೇ. ಆದರೆ ಈಗಿನವರಿಗೆ ಅದು ಅವಮಾನವಂತೆ. ಎರಡು ವರ್ಷದಲ್ಲಿ ಬಂದವರೆಲ್ಲ ಬಿಟ್ಟುಹೋದರು. ಜೂನ್ ಹೊತ್ತಿಗೆ ನಾನು ಬದಲಾಗಿದ್ದೇನೆ ಎಂದು ನೀವು ಬರೆದುಕೊಟ್ಟರೆ ಮುಖ್ಯಸ್ಥೆಯ ಕುರ್ಚಿ ನನಗೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಆ ಕುರ್ಚಿ ನನಗೆ ಯಾರೋ ಉಡುಗೊರೆ ಕೊಟ್ಟದ್ದಲ್ಲ. ಅದು ಬೇಕು ನನಗೆ. ಅದಕ್ಕಾಗಿ ನಿಮ್ಮನ್ನು ಸಹಿಸಿಕೊಳ್ಳುತ್ತೇನೆ.

ಇಂತಿ,
ಹಲ್ಲಿನ ಲ್ಯಾಬಿನ ಮುಖ್ಯಸ್ಥೆ

ಜನವರಿ 20

ಆತ್ಮೀಯ ಮೇಡಂ,

ನಿಮ್ಮ ಪ್ರಾಮಾಣಿಕ ಪತ್ರಕ್ಕೆ ಮನಸಾರೆ ವಂದನೆ! ಮೊದಲ ಪತ್ರದಲ್ಲೇ ಇಷ್ಟು ಸಿಟ್ಟು ಹೊರಗೆ ಬಂದದ್ದು ಬಹಳ ಒಳ್ಳೆಯ ಲಕ್ಷಣ. ಬಾಗಿಲು ಮುಚ್ಚಿಕೊಂಡವರಲ್ಲ ನೀವು, ಬಾಗಿಲನ್ನು ಜೋರಾಗಿ ಬಡಿಯುತ್ತಿರುವವರು.

ಬಕೆಟ್ ಕೂಡ ಒಂದು ಬಗೆಯ ಮಾತು ಎಂದು ನನಗನಿಸುತ್ತದೆ. ಅದು ಯಾರ ಮಾತು? ಮನೆಯಲ್ಲಿ ನಿಮ್ಮ ತಾಯಿ ಸ್ವಚ್ಛತೆಯ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದರೇ? ಚಿಕ್ಕಂದಿನಲ್ಲಿ ನೀವು ಮಾಡಿದ ಏನನ್ನಾದರೂ ಯಾರಾದರೂ ಎಸೆದಿದ್ದರೇ? ನಿಧಾನವಾಗಿ ಯೋಚಿಸಿ. ಅವಸರವಿಲ್ಲ.

ಈ ವಾರದ ಅಭ್ಯಾಸ: ದಿನವೂ ಮೂವರಿಗೆ ಮನಸಾರೆ ಒಂದೊಂದು ಮೆಚ್ಚುಗೆಯ ಮಾತು. ಆಗ ನಿಮ್ಮೊಳಗೆ ಏನಾಗುತ್ತದೆ ಎಂದು ಗಮನಿಸಿ ಬರೆಯಿರಿ.

ನಿಮ್ಮ ಬೆಳವಣಿಗೆಯ ಜೊತೆಗಾರ,
ಕೋಚ್

(ನನ್ನ ಹಲ್ಲು ನನ್ನದೇ. ಕಟ್ಟಿಸಿದ್ದಲ್ಲ.)

ಫೆಬ್ರವರಿ 6

ಜೊತೆಗಾರರೇ,

ನಿಮ್ಮ ಅಭ್ಯಾಸ ಮಾಡಿದೆ. ಪ್ಲಾಸ್ಟರಿನವನಿಗೆ "ಬಾಗಿಲು ಚೆನ್ನಾಗಿ ಹಾಕಿದ್ರಿ" ಅಂದೆ. ತನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದು ತಿಳಿದು ಮಧ್ಯಾಹ್ನ ಊಟ ಬಿಟ್ಟ. ಲೆಕ್ಕ ಬರೆಯುವಾಕೆಗೆ "ನಿಮ್ಮ ಅಕ್ಷರ ದುಂಡಗಿದೆ" ಅಂದೆ. ಆಕೆ ಕಂಪ್ಯೂಟರಿನಲ್ಲಿ ಬರೆಯುವವಳು. ಮೂರನೆಯವರು ಸಿಗಲಿಲ್ಲ, ಕನ್ನಡಿಯ ಮುಂದೆ ನಿಂತು ನನಗೆ ನಾನೇ ಹೇಳಿಕೊಂಡೆ. ನನ್ನೊಳಗೆ ಏನಾಯಿತು ಎಂದು ಕೇಳಿದ್ದಿರಿ. ಏನೂ ಆಗಲಿಲ್ಲ.

ನಮ್ಮಮ್ಮನನ್ನು ಇದರಲ್ಲಿ ಎಳೆಯಬೇಡಿ. ಆಕೆ ನನ್ನ ಯಾವುದನ್ನೂ ಎಸೆಯಲಿಲ್ಲ. ಹರಿದ ಚೀಲ, ಮುರಿದ ಕೊಡೆಗಳನ್ನೂ ಎಸೆಯುತ್ತಿರಲಿಲ್ಲ.

ನಿಜವಾದ ರೋಗ ಏನೆಂದು ನಾನು ಹೇಳುತ್ತೇನೆ, ಬರೆದುಕೊಳ್ಳಿ. ಈಗ ಯಾರಿಗೂ ಬಿಳಿ ಅಂದರೆ ಏನೆಂದೇ ತಿಳಿಯದು. ಯಾವ ಕ್ಯಾಪು ತಂದು ಮುಂದಿಟ್ಟರೂ ಹಳದಿ. ಹೊಗೆ ಹಿಡಿದ ಗೋಡೆಯ ಹಾಗೆ. ಮಾಡುವಾಗ ಡಾಕ್ಟರು ಕೊಟ್ಟ ಬಣ್ಣದ ನಂಬರು ನೋಡುತ್ತಾರೆ, ಮಾದರಿ ಹಲ್ಲುಗಳ ಪಟ್ಟಿ ಪಕ್ಕದಲ್ಲಿ ಹಿಡಿಯುತ್ತಾರೆ. ಆ ಪಟ್ಟಿಯನ್ನು ನಾನು ಮುಟ್ಟಿ ಎಷ್ಟು ಕಾಲವಾಯಿತೋ. ನನ್ನ ಕಣ್ಣೇ ಪಟ್ಟಿ. ಅಂದಹಾಗೆ, ನನ್ನ ವಯಸ್ಸಿನವರೆಲ್ಲ ಪೇಪರ್ ಓದಲು ಕನ್ನಡಕ ಹುಡುಕುತ್ತಿರುವಾಗ ನಾನು ಹೋದ ವರ್ಷ ಕನ್ನಡಕ ತೆಗೆದು ಮೂಲೆಗಿಟ್ಟೆ. ಬೇಕಾಗಲಿಲ್ಲ! ಸೂಜಿಗೆ ದಾರ ಪೋಣಿಸುತ್ತೇನೆ. ಈ ಕಣ್ಣನ್ನು ಬದಲಾಯಿಸಲು ನೀವು ಬಂದಿದ್ದೀರಿ.

ಅತ್ತ ದಂತವೈದ್ಯರದ್ದು ಇನ್ನೊಂದು ರಾಗ. ನಾನು ಒಪ್ಪಿ ಕಳಿಸಿದ ಕ್ಯಾಪುಗಳನ್ನು "ತೀರಾ ಬಿಳಿ, ಸುಣ್ಣ ಬಳಿದ ಹಾಗಿದೆ" ಎಂದು ವಾಪಸ್ ಕಳಿಸುತ್ತಾರೆ. ಓದಿದವರು, ಬಾಗಿಲಿಗೆ ಬೋರ್ಡು ಹಾಕಿಕೊಂಡವರು. ಕಣ್ಣು ಮಾತ್ರ ಇಲ್ಲ. ಮನೆಗೆ ಹೋದರೆ ಅಲ್ಲೂ ಇದೇ. ನನ್ನ ತಂಗಿ ಶಾಲೆಯಲ್ಲಿ ಪಾಠ ಹೇಳುವವಳು, ನಾವಿಬ್ಬರೇ ಇರುವುದು. ಹಾಸಿಗೆಯ ಹೊದಿಕೆ ಸರಿಯಾಗಿ ಒಗೆದಿಲ್ಲ ಎಂದರೆ "ಬೆಳ್ಳಗೇ ಇದೆಯಲ್ಲಕ್ಕಾ" ಅನ್ನುತ್ತಾಳೆ. ಸೋಮಾರಿತನ ಸಾಂಕ್ರಾಮಿಕ ರೋಗವಾಗಿದೆ.

ಒಬ್ಬಳಿದ್ದಾಳೆ, ಹೇಳಬೇಕು. ತಲೆ ತಗ್ಗಿಸಿ ಕೆಲಸ ಮಾಡುತ್ತಲೇ ಇರುತ್ತಾಳೆ, ಎಲ್ಲರೂ ಇರುವೆ ಎಂದು ಕರೆಯುತ್ತಾರೆ. ಅವಳ ಕುಂಚ ಹಿಡಿಯುವ ಬಗೆ ನೋಡಿದರೆ ನನಗೆ ನನ್ನ ಹಳೆಯ ದಿನಗಳು ನೆನಪಾಗುತ್ತವೆ. ನನ್ನ ಕುರ್ಚಿಯಲ್ಲಿ ನಾಳೆ ಕೂರುವವಳು ಯಾರಾದರೂ ಇದ್ದರೆ ಅವಳೇ. ಅದಕ್ಕೇ ಅವಳ ಕೆಲಸವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತೇನೆ. ಬೇರೆಯವರಿಗಿಂತ ಅವಳದ್ದೇ ಹೆಚ್ಚು ಬಕೆಟ್ಟಿಗೆ ಬೀಳುತ್ತದೆ.

ಮುಖ್ಯಸ್ಥೆ

(ಹಲ್ಲು ಕಟ್ಟಿಸಿದ್ದೇ. ನನ್ನ ಹತ್ತಿರ ಸುಳ್ಳು ಬೇಡ.)

ಫೆಬ್ರವರಿ 19

ಆತ್ಮೀಯ ಮೇಡಂ,

ಎಂಥ ಪತ್ರ! ನಿಮ್ಮ ಪತ್ರದಲ್ಲಿ ಬಿಳಿ, ಹಳದಿ ಎಂಬ ಪದಗಳು ಎಷ್ಟು ಸಲ ಬಂದಿವೆ ಎಂದು ನೀವು ಗಮನಿಸಿದಿರಾ? ನಾನು ಗಮನಿಸಿದೆ. ಬಿಳಿ ಎಂದರೆ ಕಲೆಯಿಲ್ಲದ್ದು, ಪರಿಪೂರ್ಣವಾದದ್ದು. ನಿಮ್ಮೊಳಗೆ ಒಬ್ಬಳು ಪುಟ್ಟ ಹುಡುಗಿ ಇದ್ದಾಳೆ, ತನ್ನ ಬಿಳಿ ಫ್ರಾಕಿಗೆ ಕೊಳೆಯಾಯಿತೆಂದು ಅಳುತ್ತಿದ್ದಾಳೆ. ಅವಳನ್ನು ಮಡಿಲಿಗೆ ಎತ್ತಿಕೊಳ್ಳಿ. ಪರಿಪೂರ್ಣತೆಯ ಹಂಬಲವೇ ನಿಮ್ಮನ್ನು ಸುಡುತ್ತಿರುವ ಬೆಂಕಿ.

ಇರುವೆಯ ಬಗ್ಗೆ ಬರೆದಾಗ ನಿಮ್ಮ ದನಿ ಮೆತ್ತಗಾಯಿತು. ಅದನ್ನೇ ಅವಳಿಗೆ ಯಾಕೆ ಹೇಳಬಾರದು? ಮುಂದಿನ ಸಲ ಬಕೆಟ್ಟಿನ ಕಡೆ ಕೈ ಹೋದಾಗ ಒಂದು ಕ್ಷಣ ತಡೆದು, "ನನಗೆ ಇದು ಹೀಗೆ ಕಾಣ್ತಿದೆ, ನಿನಗೆ ಹೇಗೆ ಕಾಣ್ತಿದೆ?" ಎಂದು ಕೇಳಿ ನೋಡಿ. ಇಷ್ಟೇ ಅಭ್ಯಾಸ.

ಜೊತೆಗಾರ,
ಕೋಚ್

ಮಾರ್ಚ್ 15

ಕೋಚ್ ಅವರೇ,

ಪುಟ್ಟ ಹುಡುಗಿಯಂತೆ! ಫ್ರಾಕಂತೆ! ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಬಿಳಿ ಬಟ್ಟೆಯನ್ನೇ ತರುತ್ತಿರಲಿಲ್ಲ, ಕೊಳೆ ಕಾಣುತ್ತದೆಂದು. ಯಾವ ಬಾಯಿಗೂ ಸಲ್ಲುವ ಹಲ್ಲು ನಿಮ್ಮ ಬಳಿ ಮೊದಲೇ ಸಿದ್ಧವಾಗಿರುತ್ತದೆ, ಬಾಯಿ ಕಂಡ ಕೂಡಲೇ ತುರುಕುತ್ತೀರಿ. ನಮ್ಮ ಲ್ಯಾಬಿನಲ್ಲಿ ಹೀಗೆ ಮಾಡಿದ್ದರೆ ನಿಮ್ಮನ್ನೇ ಬಕೆಟ್ಟಿಗೆ ಹಾಕುತ್ತಿದ್ದೆ.

ನಿಮ್ಮ ಅಭ್ಯಾಸ ಮಾಡಲಿಲ್ಲ. ಮಾಡುವ ಅಗತ್ಯವೂ ಇನ್ನಿಲ್ಲ. ಇರುವೆ ಕೆಲಸ ಬಿಟ್ಟಳು.

ಶಾಲೆಯೊಂದರ ಹೆಡ್‌ಮಿಸ್ ಒಬ್ಬರಿಗೆ ಮುಂದಿನ ನಾಲ್ಕು ಹಲ್ಲು. ಅವಳು ವಾರವೆಲ್ಲ ಕೂತು ಮಾಡಿದ್ದಳು. ಆಕಾರ ನೋಡಿದರೆ ಕೈ ಮುಗಿಯಬೇಕು. ಬಣ್ಣ ಮಾತ್ರ ಹಳದಿ. ನನಗೆ ಹೊಟ್ಟೆ ಉರಿಯಿತು, ಇಷ್ಟು ಒಳ್ಳೆಯ ಕೆಲಸ ಮಾಡಿ ಬಣ್ಣದಲ್ಲಿ ಕೈಬಿಡುತ್ತಾಳಲ್ಲ ಎಂದು. ಬಕೆಟ್ಟಿಗೆ ಹಾಕಿದೆ. ಅವಳು ಬಗ್ಗಿ, ಕೈ ಹಾಕಿ, ಒಂದೊಂದನ್ನೇ ಹೆಕ್ಕಿ, ನೀರಿನಲ್ಲಿ ತೊಳೆದು, ಕರವಸ್ತ್ರದಲ್ಲಿ ಕಟ್ಟಿಕೊಂಡಳು.

"ಏನದು?" ಅಂದೆ.

"ನನ್ನ ಕೆಲಸ ಮೇಡಂ. ತಗೊಂಡು ಹೋಗ್ತೀನಿ."

"ಎಲ್ಲಿಗೆ?"

"ನೋಡೋರು ಇರೋ ಕಡೆಗೆ" ಅಂದಳು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು. ಉಳಿದವರು ಒಬ್ಬರೂ ತಲೆ ಎತ್ತಲಿಲ್ಲ.

ಇದಕ್ಕೆ ನೀವೇ ಕಾರಣ. ದುಂಡಗೆ ಕೂರಿಸಿ, ಪ್ರಾಣಿ ಪಕ್ಷಿ ಎಂದು ತಲೆಗೆ ಗಾಳಿ ತುಂಬಿ ಹೋದಿರಿ. ಈಗ ತಮ್ಮ ಕೆಲಸಕ್ಕೆ ಹೊಗಳಿಕೆ ಬೇಕು ಎಲ್ಲರಿಗೂ. ಕೋಚ್ ಆಗುವ ಮೊದಲು ನೀವು ಏನಾಗಿದ್ದಿರಿ? ಯಾವುದರಲ್ಲಿ ಸೋತು ಇಲ್ಲಿಗೆ ಬಂದಿರಿ? ಕಟ್ಟಿಸಿದ ಹಲ್ಲನ್ನು ನನ್ನದೇ ಅನ್ನುವವರು, ಊರಿಗೆಲ್ಲ ಪ್ರಾಮಾಣಿಕತೆ ಹೇಳಿಕೊಡಲು ಬರುವಾಗ ಆ ಹಳದಿ ಅಂಗಿಯನ್ನಾದರೂ ಒಗೆದು ಹಾಕಿಕೊಳ್ಳಬಾರದೆ? ಹೆಂಡತಿ ಮನೆಯಲ್ಲಿ ಹೇಳುವುದಿಲ್ಲವೆ?

ಮುಖ್ಯಸ್ಥೆ

ಮಾರ್ಚ್ 24

ಮೇಡಂ,

ಸಾಕು. ಈ ಕಾಗದವನ್ನು ನಾನು ಕೋಚ್ ಆಗಿ ಬರೆಯುತ್ತಿಲ್ಲ.

ಕೋಚ್ ಆಗುವ ಮೊದಲು ನಾನು ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ಮಾರುತ್ತಿದ್ದೆ. ಹೌದು, ಸೋತೆ. ಹಲ್ಲು ಕಟ್ಟಿಸಿದ್ದು, ಮೆಟ್ಟಿಲಿನಿಂದ ಬಿದ್ದು ಮುರಿದಿತ್ತು. ಈಗ ಸಮಾಧಾನವಾಯಿತೆ?

ಆದರೆ ಆ ಅಂಗಿ ಬಿಳಿ. ಹಳದಿ ಅಲ್ಲ, ಮಾಸಿದ್ದೂ ಅಲ್ಲ. ನಿಮ್ಮ ಲ್ಯಾಬು ನನ್ನ ಮೊದಲ ದೊಡ್ಡ ಕೆಲಸ ಎಂದು ನನ್ನ ಹೆಂಡತಿ ಹೊಸದಾಗಿ ತಂದು, ಇಸ್ತ್ರಿ ಮಾಡಿ ಕೊಟ್ಟದ್ದು. ನೀವು ಜನವರಿಯಲ್ಲಿ ಬರೆದಾಗ ಚುಚ್ಚುಮಾತು ಎಂದು ನುಂಗಿಕೊಂಡೆ. ಈಗ ನನ್ನ ಹೆಂಡತಿಯವರೆಗೂ ಬಂದಿರಿ. ಕಣ್ಣೆದುರಿಗೆ ಇರುವ ಬಿಳಿಯನ್ನು ಹಳದಿ ಎಂದು ಹೇಳಿ ಒಬ್ಬ ಮನುಷ್ಯನನ್ನು ಕುಗ್ಗಿಸುವುದರಲ್ಲಿ ನಿಮಗೆ ಸುಖವಿದೆ. ಇರುವೆಗೂ ನೀವು ಇದನ್ನೇ ಮಾಡಿದ್ದು.

ಇನ್ನೊಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೆ. ಮಾಲೀಕರಿಗೆ ಜೂನಿನವರೆಗೆ ಕಾಯುವ ಮನಸ್ಸು ಮೊದಲಿನಿಂದಲೂ ಇರಲಿಲ್ಲ. ನಿಮ್ಮನ್ನು ಇಳಿಸಲು ಒಂದು ಆಧಾರ ಬೇಕಾಗಿತ್ತು. ನಾನು ನಿಮ್ಮ ಪರವಾಗಿ ವರದಿಯನ್ನು ಮುಂದೂಡುತ್ತಾ ಬಂದೆ. ನಿನ್ನೆ ವರದಿ ಕಳಿಸಿದೆ. ಅದರ ಕೊನೆಯ ಸಾಲು: "ಇವರ ಕೈಕೆಳಗೆ ಯಾರೂ ಕೆಲಸ ಮಾಡಲಾರರು."

ಇಷ್ಟೇ.

ಏಪ್ರಿಲ್ 2

ಕೋಚ್ ಅವರಿಗೆ,

ಒಂದೇ ಪ್ರಶ್ನೆ. ಆ ಅಂಗಿ ನಿಜವಾಗಿಯೂ ಬಿಳಿಯೇ?

ಏಪ್ರಿಲ್ 7

ಮೇಡಂ,

ನಿಮ್ಮ ವ್ಯಂಗ್ಯಕ್ಕೆ ಕೊನೆಯೇ ಇಲ್ಲವೆ? ಬಿಳಿ. ಅಂಗಡಿಯವನು, ನನ್ನ ಹೆಂಡತಿ, ಇಸ್ತ್ರಿಯವನು, ಎಲ್ಲರೂ ಸಾಕ್ಷಿ. ಇನ್ನು ದಯವಿಟ್ಟು ನನಗೆ ಬರೆಯಬೇಡಿ.

ಮೇ 20

ಕೋಚ್ ಅವರೇ,

ಬರೆಯಬೇಡಿ ಅಂದಿರಿ, ಬರೆಯುತ್ತಿದ್ದೇನೆ. ನಿಮ್ಮ ಮಾತು ಕೇಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ.

ನಿಮ್ಮ ಆ ಕಾಗದ ಓದಿದ ಸಂಜೆ ತಂಗಿಯನ್ನು ಕೂರಿಸಿಕೊಂಡು ಮನೆಯಲ್ಲಿದ್ದ ಬಿಳಿ ವಸ್ತುಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಹೊದಿಕೆ, ಉಪ್ಪು, ಕಾಗದ, ಬಟ್ಟಲು. ಒಂದೊಂದನ್ನೇ ತೋರಿಸಿ "ಇದು ಯಾವ ಬಣ್ಣ?" ಎಂದು ಕೇಳಿದೆ. ಮೊದಲು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಎರಡೂ ಕಣ್ಣಿಗೆ ಪೊರೆ. ಹಳದಿ ಬಣ್ಣದ ಪೊರೆ, ವರ್ಷಗಳಿಂದ ನಿಧಾನವಾಗಿ ದಪ್ಪವಾಗುತ್ತಾ ಬಂದಿದೆಯಂತೆ. ಹತ್ತಿರದ್ದು ಕನ್ನಡಕವಿಲ್ಲದೆ ಕಾಣುತ್ತದೆ ಎಂದು ನಾನು ಬೀಗುತ್ತಿದ್ದೆನಲ್ಲ, ಅದೂ ಪೊರೆಯ ಕೆಲಸವೇ ಅಂತೆ. "ಕೆಲವರಿಗೆ ಹೀಗಾಗುತ್ತೆ, ಕಣ್ಣು ಸುಧಾರಿಸ್ತು ಅಂತ ಖುಷಿಪಡ್ತಾರೆ" ಅಂದರು ಡಾಕ್ಟರು. ನಾನು ಖುಷಿಪಟ್ಟಿದ್ದೆ.

ಒಂದು ಕಣ್ಣಿನ ಆಪರೇಷನ್ ಆಯಿತು, ಇನ್ನೊಂದು ಮುಂದಿನ ತಿಂಗಳು. ಕಣ್ಣಿಗೆ ಕಟ್ಟಿದ ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯ ಗೋಡೆ ನೋಡಿ ಅತ್ತುಬಿಟ್ಟೆ. ಈಗ ಒಂದು ಕಣ್ಣು ಮುಚ್ಚಿದರೆ ನಮ್ಮ ಅಡುಗೆಮನೆ ಬಿಳಿ, ಇನ್ನೊಂದು ಮುಚ್ಚಿದರೆ ಚಹಾ ಚೆಲ್ಲಿದ ಹಾಗೆ. ದಿನವಿಡೀ ಮುಚ್ಚಿ ತೆರೆದು ನೋಡುತ್ತಿರುತ್ತೇನೆ. ತಂಗಿ ಬೈಯುತ್ತಾಳೆ.

ಈಗ ನಿಮ್ಮ ವಿಷಯ. ತಿಂಗಳುಗಟ್ಟಲೆ ಕಾಗದ ಬರೆದಿರಿ. ಅಮ್ಮನನ್ನು ಎಳೆದಿರಿ, ಪುಟ್ಟ ಹುಡುಗಿಯನ್ನು ಎಳೆದಿರಿ, ಬೆಂಕಿ ಹಚ್ಚಿದಿರಿ, ಬಾಗಿಲು ಬಡಿಸಿದಿರಿ. ಹಳದಿ ಹಳದಿ ಎಂದು ನಾನು ಕೂಗಿ ಹೇಳುತ್ತಿದ್ದರೆ ಎಷ್ಟು ಸಲ ಎಂದು ಎಣಿಸುತ್ತಾ ಕೂತಿರಿ, ಒಮ್ಮೆಯಾದರೂ "ಕಣ್ಣು ತೋರಿಸಿ" ಅನ್ನಲಿಲ್ಲ. ಮನುಷ್ಯರ ಒಳಗನ್ನು ನೋಡುವವರಂತೆ ನೀವು. ಹೊರಗಿದ್ದದ್ದು ಕಾಣಲಿಲ್ಲ.

ಮಾಲೀಕರು ನಿಮ್ಮ ವರದಿ ನೋಡಿ ಪ್ಲಾಸ್ಟರಿನವನನ್ನು ನನ್ನ ಕುರ್ಚಿಯಲ್ಲಿ ಕೂರಿಸಿದ್ದಾರೆ, ಸದ್ಯಕ್ಕೆ. ಡಾಕ್ಟರ ಚೀಟಿ ತೋರಿಸಿದೆ. "ಕೋಚ್ ಇನ್ನೊಂದು ಸಲ ಬರೆದುಕೊಟ್ರೆ ಯೋಚನೆ ಮಾಡೋಣ" ಅಂದರು. ಆದ್ದರಿಂದ ಬರೆಯಿರಿ. ನನ್ನ ಸ್ವಭಾವದಲ್ಲಿ ದೋಷವಿರಲಿಲ್ಲ, ಕಣ್ಣಿನಲ್ಲಿತ್ತು ಎಂದು ಸ್ಪಷ್ಟವಾಗಿ ಬರೆಯಿರಿ. ನೀವು ನನಗೆ ಅಷ್ಟಾದರೂ ಮಾಡಬೇಕು.

ಅಂಗಿಯ ಬಗ್ಗೆ: ನಿಮ್ಮ ಹೆಂಡತಿಯಲ್ಲಿ ನನ್ನ ಪರವಾಗಿ ಕ್ಷಮೆ ಕೇಳಿ. ನಿಮ್ಮಲ್ಲಿ ಅಲ್ಲ.

ಮುಖ್ಯಸ್ಥೆ

ಮೇ 29

ಮೇಡಂ,

ನಿಮ್ಮ ಕಾಗದ ಓದಿ ನಾಚಿಕೆಯಾಯಿತು. ನೀವು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಬಣ್ಣದ ಮಾತು ನನ್ನ ಮೂಗಿನ ಕೆಳಗೇ ಇತ್ತು. ನಾನು ಕಲಿತ ಪಾಠಗಳಲ್ಲಿ ಪೊರೆಗೆ ಜಾಗವಿರಲಿಲ್ಲ, ಅಮ್ಮನಿಗೆ ಮಾತ್ರ ಇತ್ತು.

ಹೊಸ ವರದಿ ಬರೆದಿಟ್ಟಿದ್ದೇನೆ. ಕಣ್ಣಿನ ತೊಂದರೆಯೇ ಕಾರಣ, ಕುರ್ಚಿ ಇವರಿಗೇ ಸಲ್ಲಬೇಕು ಎಂದಿದೆ. ನೀವು ಹೂಂ ಅಂದ ದಿನ ಕಳಿಸುತ್ತೇನೆ.

ಆದರೆ ಬರೆದ ಮೇಲೆ ಒಂದು ಪ್ರಶ್ನೆ ಕಾಡುತ್ತಿದೆ. ಇದು ಅಭ್ಯಾಸವಲ್ಲ, ತಂತ್ರವಲ್ಲ, ಸುಮ್ಮನೆ ಕೇಳುತ್ತಿದ್ದೇನೆ. ಪೊರೆ ಇತ್ತು, ಹಳದಿಯಾಗಿ ಕಂಡಿತು, ಸರಿ. ಹಳದಿ ಎಂದು ನೀವು ಅವರಿಗೆ ಬಾಯಿಬಿಟ್ಟು ಹೇಳಿದ್ದರೆ "ಇಲ್ಲ ಮೇಡಂ, ಬಿಳಿ" ಎಂದು ಯಾರಾದರೂ ಹೇಳುತ್ತಿದ್ದರು. ಬಕೆಟ್ಟಿಗೆ ಯಾರು ಏನು ಉತ್ತರ ಕೊಡಬೇಕು? ಅಲ್ಲದೆ ಅಲ್ಲಿರುವವರೆಲ್ಲ ಬಣ್ಣ ನೋಡುವುದನ್ನೇ ಕಸುಬು ಮಾಡಿಕೊಂಡವರು. ಅವರಲ್ಲಿ ಒಬ್ಬರಿಗೂ ನಿಮ್ಮ ಕಣ್ಣಿನ ಬಗ್ಗೆ ಅನುಮಾನ ಬರಲಿಲ್ಲವೆ?

ಕೋಚ್

ಜೂನ್ 14

ಕೋಚ್ ಅವರಿಗೆ,

ನಿಮ್ಮ ಕಾಗದ ಓದಿ ಮೈಯೆಲ್ಲ ಉರಿಯಿತು. ತಪ್ಪೊಪ್ಪಿಕೊಂಡ ಮೇಲೂ ಬಾಲ ಬಿಚ್ಚುತ್ತಾನಲ್ಲ ಅಂದುಕೊಂಡೆ. ಅನುಮಾನ ಬಂದಿದ್ದರೆ ಹೇಳದೇ ಇರುತ್ತಿದ್ದರೇ? ಜೊತೆಗೆ ಊಟ ಮಾಡಿದವರು, ಒಂದೇ ಕುಲುಮೆಯ ಮುಂದೆ ಬೆವರಿದವರು. ನಿಮ್ಮ ಬಾಯಿ ಮುಚ್ಚಿಸಲೆಂದೇ ನಾನು ಇರುವೆಯನ್ನು ಹುಡುಕಿಕೊಂಡು ಹೋದೆ.

ಅವಳಿಗೆ ಬೇರೆ ಲ್ಯಾಬಿನಲ್ಲಿ ಕೆಲಸವಾಗಿದೆ. ಔಷಧಿ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು, ಒಂದೇ ಕೋಣೆ, ಆದರೆ ಕಿಟಕಿ ದೊಡ್ಡದು. ನನ್ನನ್ನು ಕಂಡು ಎದ್ದು ನಿಂತಳು. ಸ್ಟೂಲು ಕೊಟ್ಟಳು. ಹೆಡ್‌ಮಿಸ್‌ನ ಆ ನಾಲ್ಕು ಹಲ್ಲುಗಳನ್ನು ಕಿಟಕಿಯ ಅಂಚಿನಲ್ಲಿ ಇಟ್ಟುಕೊಂಡಿದ್ದಾಳೆ. ಕೇಳಿ ಪಡೆದು ನೋಡಿದೆ, ಹೊಸ ಕಣ್ಣಿನಲ್ಲಿ. ಬದುಕಿರುವ ಹಲ್ಲಿನ ಹಾಗಿದ್ದವು.

"ಇರುವೇ, ನನ್ನ ಕಣ್ಣಿಗೆ ಪೊರೆ ಬಂದಿತ್ತು. ಅದಕ್ಕೇ ನಿನ್ನ ಕೆಲಸ ನಂಗೆ ಹಳದಿ ಕಂಡಿದ್ದು" ಅಂದೆ. ಅವಳು ಬೆರಗಾಗುತ್ತಾಳೆ, ಪಾಪ ಅನ್ನುತ್ತಾಳೆ, ಅಷ್ಟರಲ್ಲಿ ನಾನು ವಾಪಸ್ ಬಾ ಅನ್ನಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಹೋಗಿದ್ದೆ.

"ಗೊತ್ತು ಮೇಡಂ" ಅಂದಳು.

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಅವಾಗ್ಲೇ ಗೊತ್ತಿತ್ತು. ನೀವು ಒಪ್ಪಿದ್ದೆಲ್ಲ ಸುಣ್ಣದ ಥರ ಇರ್ತಿತ್ತಲ್ಲ, ಎಲ್ರಿಗೂ ಗೊತ್ತಿತ್ತು. ಊಟಕ್ಕೆ ಕೂತಾಗ ಅದೇ ಮಾತು."

"ಮತ್ತೆ ನಂಗೆ ಒಂದು ಮಾತು ಹೇಳಬಾರದಿತ್ತಾ? ಭಯ ಆಯ್ತಾ?"

ಅವಳು ಕುಂಚ ಒರೆಸಿ ಕೆಳಗಿಟ್ಟಳು. ಸುಳ್ಳು ಹೇಳುವ ಹುಡುಗಿಯಲ್ಲ ಅವಳು. "ಭಯ ಏನಿಲ್ಲ ಮೇಡಂ. ಹೇಳಬೇಕು ಅಂತ ಅನ್ನಿಸ್ಲೇ ಇಲ್ಲ. ಬೇರೆ ಯಾರಿಗಾದ್ರೂ ಆಗಿದ್ರೆ ಅವತ್ತೇ ಹೇಳ್ತಿದ್ದೆ."

ಅದರಲ್ಲಿ ಸಿಟ್ಟಿರಲಿಲ್ಲ, ನೋಡಿ. ಸಿಟ್ಟಿದ್ದಿದ್ದರೆ ನಾನು ಜಗಳವಾಡಿ ಹಗುರಾಗಿ ಬರುತ್ತಿದ್ದೆ. ವಾಪಸ್ ಬಾ ಎಂದು ಕರೆಯಲು ಬಾಯಿ ಬರಲಿಲ್ಲ. ಮೆಟ್ಟಿಲು ಇಳಿಯುವಾಗ ಅವಳೇ ಬಂದು ಕೈ ಹಿಡಿದು ಇಳಿಸಿದಳು, ಯಾವುದೋ ಮುದುಕಿಯನ್ನು ಇಳಿಸಿದ ಹಾಗೆ.

ನೀವು ದೊಡ್ಡ ಕೋಚ್ ಎಂದು ಇದರಿಂದ ಎದೆ ಉಬ್ಬಿಸಿಕೊಳ್ಳಬೇಡಿ. ನಿಮ್ಮ ಅಭ್ಯಾಸಗಳು ಈಗಲೂ ಕಸ, ಪ್ರಾಣಿಗಳ ಆಟ ಈಗಲೂ ಕಸ. ಆದರೆ ಹಳೆಯ ವರದಿಯ ಕೊನೆಯ ಸಾಲು ಸರಿ ಇದೆ. ಹೊಸದನ್ನು ಕಳಿಸಬೇಡಿ, ಹರಿದುಹಾಕಿ. ಸೋಮವಾರದಿಂದ ನಾನು ಪ್ಲಾಸ್ಟರಿನವನ ಕೈಕೆಳಗೆ, ಕುಲುಮೆಯ ಪಕ್ಕದ ಮೇಜಿನಲ್ಲಿ ಕೂರುತ್ತೇನೆ. ನನ್ನ ಕ್ಯಾಪುಗಳನ್ನು ಅವನು ನೋಡಿ ಒಪ್ಪಬೇಕು. ಬಣ್ಣದಲ್ಲಿ ಅವನಿಗೆ ಏನೂ ಗೊತ್ತಿಲ್ಲ, ದಡ್ಡ. ಆದರೂ ಒಂದು ಮಾತು ಅವನನ್ನು ಕೇಳಿಟ್ಟಿದ್ದೇನೆ: ನನ್ನ ಕೆಲಸ ಕೆಟ್ಟಿದ್ದರೆ ಬಂದು ನನಗೆ ಹೇಳಬೇಕು ಎಂದು. ನೋಡೋಣ ಮೇಡಂ ಅಂದಿದ್ದಾನೆ. ಹೇಳುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ.

ಇಂತಿ,
ಹಲ್ಲು ಮಾಡುವವಳು